ಮೊಬೈಲಿನಲ್ಲಿ ಉಳಿಯುವ ಗುರುತು ಮತ್ತು ನಾಳೆಯ ಉದ್ಯೋಗ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪನಿಗಳಿಗೆ ಉದ್ಯೋಗಿಗಳನ್ನು ಆರಿಸುವುದು ನನ್ನ ಕೆಲಸ. ಅರ್ಜಿ ಬಂದಾಗ ಪದವಿ, ವಿಳಾಸ, ಹಿಂದಿನ ಕೆಲಸ ಇವುಗಳನ್ನು ಪರಿಶೀಲಿಸುವುದು ಹಳೆಯ ಪದ್ಧತಿ. ಈಗ ಹೆಸರನ್ನು ಗೂಗಲ್‌ನಲ್ಲಿ ಹಾಕಿ ನೋಡುವವರೂ ಇದ್ದಾರೆ. ನೋಡಿದ್ದನ್ನು ಅಭ್ಯರ್ಥಿಗೆ ಯಾರೂ ಹೇಳುವುದಿಲ್ಲ. ಸಂದರ್ಶನದ ಕರೆ ಬರುವುದಿಲ್ಲ, ಅಷ್ಟೇ. ಹುಡುಗ ತನ್ನ ಅಂಕವನ್ನೋ ಹೆಸರನ್ನೋ ದೂರುತ್ತಾನೆ. ಹೆಸರಿನ ಕಾರಣಕ್ಕೆ ತಾರತಮ್ಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಇನ್ನೊಂದು ಭಾಷಣ ಬೇಕು. ನಮ್ಮ ಕೈಯಲ್ಲಿ ಇರುವುದನ್ನಾದರೂ ನಾವು ನೋಡಿಕೊಳ್ಳೋಣ.

‘ನಮ್ಮದು ಪ್ರೈವೇಟ್ ಗ್ರೂಪ್ ಸರ್’ ಎಂದು ಮಕ್ಕಳು ಹೇಳುತ್ತಾರೆ. 2017ರಲ್ಲಿ ಅಮೆರಿಕದ ಹಾರ್ವರ್ಡ್ ಕಾಲೇಜು ಕನಿಷ್ಠ ಹತ್ತು ಮಂದಿಗೆ ಕೊಟ್ಟ ಪ್ರವೇಶವನ್ನು ಹಿಂತೆಗೆದುಕೊಂಡಿತು. ಅವರು ಅಶ್ಲೀಲ, ಜನಾಂಗ ನಿಂದನೆಯ ಮೀಮ್‌ಗಳನ್ನು ಹಂಚಿಕೊಂಡದ್ದು ಫೇಸ್‌ಬುಕ್‌ನ ಒಂದು ಖಾಸಗಿ ಗುಂಪಿನಲ್ಲೇ. ಇನ್ನೂರು ಜನರ ಕ್ಲಾಸ್ ಗ್ರೂಪಿನಲ್ಲಿ ಒಬ್ಬ ಸ್ಕ್ರೀನ್‌ಶಾಟ್ ತೆಗೆದರೆ ಸಾಕು, ಆಮೇಲೆ ಡಿಲೀಟ್ ಮಾಡಿ ಪ್ರಯೋಜನವಿಲ್ಲ.

ಕಾನೂನು ಕಾಪಾಡುವುದಿಲ್ಲವೇ? ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಆದರೆ ಅದರ 3ನೇ ಕಲಮನ್ನು ಓದಿ ನೋಡಿ. ಒಬ್ಬ ವ್ಯಕ್ತಿ ತಾನಾಗಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಪಬ್ಲಿಕ್ ಎಂದು ಗುರುತು ಹಾಕಿ ನೀವೇ ಹಾಕಿದ ಪೋಸ್ಟನ್ನು ಕಂಪನಿಯವರು ನೋಡಿದರೆ ಈ ಕಾಯ್ದೆ ಹಿಡಿದು ದೂರು ಕೊಡಲು ಆಗದು.

ವಿದೇಶದಲ್ಲಿ ಓದುವ ಆಸೆ ಇರುವವರು ಇನ್ನೂ ಒಂದು ವಿಷಯ ತಿಳಿದಿರಬೇಕು. ಅಮೆರಿಕದ ವೀಸಾ ಅರ್ಜಿಯಲ್ಲಿ ಹಿಂದಿನ ಐದು ವರ್ಷ ಬಳಸಿದ ಖಾತೆಗಳ ಹೆಸರನ್ನು 2019ರಿಂದಲೇ ಕೇಳುತ್ತಾರೆ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೋರುವವರು ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂದು ಸೂಚಿಸಿದ್ದಾರೆ. ಇದು ಸರಿಯೇ ಎಂದರೆ ನನಗೆ ಸರಿ ಎನಿಸುವುದಿಲ್ಲ. ಆದರೂ ಇಂದು ಪಿಯುಸಿಯಲ್ಲಿ ಕೋಪದಲ್ಲಿ ಬರೆದ ಸಾಲು ಅಂದು ಆ ಅಧಿಕಾರಿಯ ಮುಂದೆ ಇರಬಹುದು.

ಇನ್ನು ನಮ್ಮ ಹೆಣ್ಣುಮಕ್ಕಳ ವಿಷಯ. 2021ರ ಜುಲೈಯಲ್ಲಿ, ಮತ್ತೆ 2022ರ ಜನವರಿಯಲ್ಲಿ, ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಸಾಮಾಜಿಕ ಜಾಲತಾಣಗಳಿಂದ ಕದ್ದು ‘ಹರಾಜು’ ಎಂದು ಆ್ಯಪ್‌ಗಳಲ್ಲಿ ಹಾಕಿದರು. ಆ ಆ್ಯಪ್‌ಗಳ ಹೆಸರನ್ನು ಈ ವೇದಿಕೆಯಲ್ಲಿ ಹೇಳಲು ನನಗೆ ಮನಸ್ಸಿಲ್ಲ. ಎರಡನೆಯ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಬೆಂಗಳೂರಿನ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಅವರಲ್ಲಿದ್ದ. ಆ ಸುದ್ದಿ ಬಂದಾಗ ನಮ್ಮ ಎಷ್ಟೋ ಮನೆಗಳಲ್ಲಿ ಮಗಳ ಕೈಯಿಂದ ಫೋನ್ ಕಿತ್ತುಕೊಂಡರು. ತಂದೆ ತಾಯಂದಿರ ಭಯ ನನಗೆ ಅರ್ಥವಾಗುತ್ತದೆ. ಆದರೆ ಇಂಟರ್ನ್‌ಶಿಪ್ ಸುದ್ದಿ ಬರುವುದು ಲಿಂಕ್ಡ್‌ಇನ್‌ನಲ್ಲಿ, ಪ್ಲೇಸ್‌ಮೆಂಟ್ ಸೂಚನೆ ಬರುವುದು ವಾಟ್ಸ್ಆ್ಯಪ್‌ನಲ್ಲಿ. ತಪ್ಪು ಮಾಡಿದವನು ಬೇರೆ, ಅವಕಾಶ ಕಳೆದುಕೊಂಡವಳು ನಮ್ಮ ಮಗಳು. ಮನೆಯ ಫೋಟೋಗಳಿರುವ ಖಾತೆಗೆ ಬೀಗ ಹಾಕಿಸಿ. ಓದು, ಪ್ರಾಜೆಕ್ಟು, ಸರ್ಟಿಫಿಕೇಟಿನ ವಿವರ ಇರುವ ಖಾತೆಯನ್ನು ತೆರೆದಿಡಿ; ಅದಕ್ಕೆ ಮುಖದ ಫೋಟೋ ಹಾಕಲೇಬೇಕೆಂಬ ನಿಯಮವೂ ಇಲ್ಲ. ಯಾರಾದರೂ ಫೋಟೋ ದುರ್ಬಳಕೆ ಮಾಡಿದರೆ ಅಥವಾ ಕೆಲಸ ಕೊಡಿಸುತ್ತೇವೆಂದು ‘ರಿಜಿಸ್ಟ್ರೇಷನ್ ಫೀಸ್’ ಕಿತ್ತುಕೊಂಡರೆ ಮಗಳನ್ನೋ ಮಗನನ್ನೋ ಬೈಯುವ ಮೊದಲು ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಅರ್ಜಿಯ ಜೊತೆ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರಗಳನ್ನು ಊರಿನ ಗ್ರೂಪಿಗೆ ಹಾಕಿ ‘ಯಾರಾದರೂ ಸಹಾಯ ಮಾಡಿ’ ಎನ್ನುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ದಯವಿಟ್ಟು ನಿಲ್ಲಿಸಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಯುಐಡಿಎಐ ತಾಣದಿಂದಲೇ ಇಳಿಸಿಕೊಳ್ಳಬಹುದು. ಅದನ್ನು ಒಪ್ಪುವ ಕಡೆಗೆಲ್ಲ ಅದನ್ನೇ ಕೊಡಿ.

ದಾನಿಗಳಲ್ಲೂ ಪದಾಧಿಕಾರಿಗಳಲ್ಲೂ ಒಂದು ವಿನಂತಿ ಇದೆ, ಸಲುಗೆಯಿಂದ ಹೇಳುತ್ತೇನೆ. ಚೆಕ್ ಪಡೆಯುವ ಮಗುವಿನ ಫೋಟೋವನ್ನು ಹೆಸರು, ಊರು, ತಂದೆಯ ಕಷ್ಟದ ಸಮೇತ ಫೇಸ್‌ಬುಕ್‌ಗೆ ಹಾಕುತ್ತೇವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುವ ವಿಚಾರವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಐದು ವರ್ಷದ ನಂತರ ಆ ಹುಡುಗಿಯ ಹೆಸರು ಹುಡುಕಿದವರಿಗೆ ಮೊದಲು ಕಾಣುವುದು ಅವಳ ಪದವಿಯೋ ಅವಳ ಬಡತನವೋ ಎಂಬುದು ನಮ್ಮ ಕೈಯಲ್ಲಿದೆ. ದಾನಿಗಳಿಗೆ ಲೆಕ್ಕ ಬೇಕು, ನಿಜ. ಕೋರ್ಸು, ಕಾಲೇಜು, ಮೊತ್ತ, ಲೆಕ್ಕಪರಿಶೋಧಕರ ಸಹಿ ಇವಿಷ್ಟು ವರದಿಯಲ್ಲಿ ಬರಲಿ. ಇಂದು ತೆಗೆದಿರುವ ಫೋಟೋಗಳನ್ನು ಹಾಕುವ ಮೊದಲು ಪ್ರತಿ ಮಗುವನ್ನೂ ಬೇರೆಯಾಗಿ ಕರೆದು ಕೇಳಿ. ಚೆಕ್ ಕೈಗೆ ಕೊಟ್ಟ ಮೇಲೆ ಕೇಳಿ, ಮೊದಲು ಬೇಡ.