ಹಲಗೆಯ ಕೆಳಗಿನ ಚೀಟಿ

(ಸಿರವಾರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಬೆಂಗಳೂರಿನ ಸರ್ಕಾರಿ ಮ್ಯೂಜಿಯಂ ಶುರುವಾದದ್ದು 1865ರಲ್ಲಿ. ಅದಕ್ಕೆ ಸೇರಿದ ಒಂದು ಕಲ್ಲಿದೆ. ಮದ್ದೂರು ಕಡೆಯ ಆತಕೂರಿನದು, ಸುಮಾರು ಕ್ರಿ.ಶ. 950ರದು. ಕಾಡುಹಂದಿಯ ಕೂಡ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನೆಟ್ಟದ್ದು. ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟದ್ದೂ ಅದರಲ್ಲೇ ಬರೆದಿದೆ. ನಾಯಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಸಾವಿರ ವರ್ಷದ ಹಿಂದೆ ನಾಯಿಗೆ ಹೆಸರಿತ್ತು, ಅದರ ಹೆಸರಲ್ಲಿ ಹೊಲವಿತ್ತು. ನಮ್ಮ ಅಜ್ಜನ ಅಜ್ಜನ ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅಷ್ಟು ದೂರ ಯಾಕೆ, ನಮ್ಮ ರಾಯಚೂರು ಕೋಟೆಗೇ ಹೋಗ್ರಿ. ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದನೆಯ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನ, ಕೋಟೆ ಕಟ್ಟಿಸಿದ ದೊಡ್ಡವರ ಹೆಸರು. ಅಂಥಾ ಕಲ್ಲನ್ನು ಬಂಡಿಯ ಮೇಲೆ ಹೇರಿ ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಸಾಲು ಸಾಲು ದನ, ಹಿಂದೆ ದೂಡುವ ಆಳು. ಯಾರೋ ಕಲ್ಲುಕುಟಿಗ ದುಡಿದವರನ್ನು ಮರೆಯಲಿಲ್ಲ, ಕೊರೆದಿಟ್ಟ. ಚಿತ್ರ ಉಂಟು, ಹೆಸರಿಲ್ಲ. ಟಿಕೇಟಿಲ್ಲದ ಮ್ಯೂಜಿಯಂ ಅದು, ಒಮ್ಮೆ ನೋಡಿಬರ್ರಿ.

ಈಗ ಹಲಗೆಯ ವಿಷಯ. ನಾನು ಕಾಲೇಜಿನಲ್ಲಿದ್ದಾಗ ಒಂದು ಕಲಾ ಪ್ರದರ್ಶನಕ್ಕೆ ಹೋಗಿದ್ದೆ. ಒಳಗೆ ಗೋಡೆಗೆ ಹಲಗೆ ತೂಗುಹಾಕಿ ಕೆಳಗೆ 'ಜಾನಪದ ವಾದ್ಯ' ಅಂತ ಚೀಟಿ ಅಂಟಿಸಿದ್ದರು. ಅಷ್ಟೇ. ಉದ್ಘಾಟನೆಗೆ ಹಲಗೆ ಬಾರಿಸಿದ ನಮ್ಮವರು ಹೊರಗೆ ಬಿಸಿಲಲ್ಲಿ ನಿಂತಿದ್ದರು. ಒಳಗ ಬರ್ರಿ ಅಂತ ಒಬ್ಬರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಜೊತೆಗೆ ಬಂದ ಗೆಳೆಯರಿಗೆ ನನ್ನ ಜಾತಿ ಗೊತ್ತಾದೀತು ಅಂತ ಅಂಜಿಕೆ.

ಏಪ್ರಿಲ್ 14ಕ್ಕೆ ಹಾಸ್ಟೆಲಿನಲ್ಲಿ ನಮ್ಮದೇ ಪ್ರದರ್ಶನ ಇಡೋಣ ಅಂದಾಗ ನಿಮ್ಮಲ್ಲೊಬ್ಬ, "ಅಣ್ಣಾ, ಹಲಗಿ ಮಾತ್ರ ಬ್ಯಾಡ" ಅಂದ. ಅವನ ಮಾತು ತಪ್ಪಲ್ಲ. ಹೆಣದ ಮುಂದೆ ಬಿಟ್ಟಿ ಬಾರಿಸೋದಿಲ್ಲ ಅಂತ ಹಲಗೆ ಕೆಳಗಿಟ್ಟು ಏಟು ತಿಂದವರು ಚಳವಳಿಯಲ್ಲಿದ್ದಾರೆ. ನಾನು ಹಲಗೆ ತರಲು ಮನೆಗೆ ಹೋದಾಗ ನಮ್ಮಪ್ಪನೂ ಕೇಳಿದ: "ನಾವು ಬಿಟ್ಟದ್ದನ್ನ ಮಂದಿಗೆ ಮತ್ತ್ಯಾಕ ತೋರಸ್ತೀಯೋ?"

"ಚೀಟಿ ನೀನೇ ಹೇಳು, ನಾ ಬರಕೋತೀನಿ" ಅಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ತೊಗಲು ಯಾವ ಸತ್ತ ಎತ್ತಿನದು, ಹದ ಮಾಡಿದವರು ಯಾರು, ಯಾವ ಮನೆಯ ಸಾವಿಗೆ ಒಂದು ಹಗಲು ಒಂದು ರಾತ್ರಿ ಬಾರಿಸಿದ, ಏನು ಕೊಟ್ಟರು. ಕೊಟ್ಟದ್ದು ಒಂದು ಸೇರು ಜೋಳ. ಕಡೆಗೆ ಬಾರಿಸಿದ್ದು ಯಾವಾಗ, ಯಾಕೆ ಬಿಟ್ಟ, ಅದನ್ನೂ ಹೇಳಿದ. ನಾಲ್ಕು ಹಾಳೆ ಆಯಿತು. ಹಲಗೆಯನ್ನು ಆ ಚೀಟಿಯ ಸಮೇತ ಇಡುವುದಾದರೆ ಇಡೋಣ, ಇಲ್ಲದಿದ್ದರೆ ಬ್ಯಾಡ ಅಂತ ನನ್ನ ವಾದ. ಒಪ್ಪದವರು ಎದ್ದು ಮಾತಾಡ್ರಿ.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆ ಇತ್ತು. 1966ರಲ್ಲಿ ಸರ್ಕಾರ ಅದನ್ನು ಬಿಳಿಯರಿಗೆ ಮಾತ್ರ ಎಂದು ಸಾರಿತು. ಅರವತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಎಬ್ಬಿಸಿ ಮನೆಗಳನ್ನು ಕೆಡವಿತು. 1994ರಲ್ಲಿ ಅಲ್ಲಿನ ಒಂದು ಹಳೆಯ ಚರ್ಚಿನಲ್ಲಿ ಮ್ಯೂಜಿಯಂ ತೆರೆದರು. ನೆಲದ ತುಂಬ ಬಡಾವಣೆಯ ನಕ್ಷೆ. ಒಕ್ಕಲೆಬ್ಬಿಸಲ್ಪಟ್ಟವರು ಬಂದು, ತಮ್ಮ ಮನೆ ಇದ್ದ ಜಾಗ ಹುಡುಕಿ, ಅಲ್ಲಿ ತಮ್ಮ ಹೆಸರು ಬರೆದರು.

ನಾವೂ ಊಟದ ಹಾಲಿನ ನೆಲದ ಮೇಲೆ ಸುಣ್ಣದಲ್ಲಿ ನಮ್ಮ ಊರುಗಳ ಕೇರಿ ಬರೆಯೋಣ. ಮಾನ್ವಿ, ದೇವದುರ್ಗ ಕಡೆಯವರೂ ತಮ್ಮ ತಮ್ಮ ಕೇರಿ ಬರೆಯಲಿ. ಬಾವಿ ಎಲ್ಲಿ, ನಮಗೆ ನೀರು ಎಲ್ಲಿಂದ, ಎಲ್ಲವೂ ಬರಲಿ. ಕುರ್ಪಿ, ರಂಪಿಗೆ, ಕೌದಿ, ಅವ್ವ ಕಳೆ ತೆಗೆಯಲು ಹೋಗುವ ಬುಟ್ಟಿ, ಏನಿದ್ದರೂ ತರ್ರಿ. ಕೌದಿ ಹೊಲಿದವಳ ಹೆಸರು ಕೇಳಿಕೊಂಡು ಬರ್ರಿ. ಉದ್ಘಾಟನೆಗೆ ಸಾಹೇಬರು ಬ್ಯಾಡ. ಸಾಮಾನು ಕೊಟ್ಟವರೇ ಮೊದಲು ಒಳಗೆ ಬರಲಿ, ಅವರಿಗೆ ಕುರ್ಚಿ ಹಾಕೋಣ.

ಬರುವ ಭಾನುವಾರ ಊರಿಗೆ ಹೋಗುವವರು ನನ್ನ ಹತ್ತಿರ ಬಿಳಿ ಹಾಳೆ ಇಸಕೊಂಡು ಹೋಗ್ರಿ. ಬರೆಯಲು ಬಾರದ ಹಿರಿಯರು ಹೇಳಿದಂತೆಯೇ, ಅವರ ಮಾತಿನಲ್ಲೇ ಬರಕೊಂಡು ಬರ್ರಿ. ತಿದ್ದಬ್ಯಾಡ್ರಿ.