ಭೂಕಂಪಗಳ ವಂಶಾವಳಿ



ಸಾಹಿತ್ಯದ ಈ ವೇದಿಕೆಯಲ್ಲಿ ನಾವು ಭೂಕಂಪದ ಗಣಿತವನ್ನೆತ್ತಿಕೊಂಡುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಇಲ್ಲಿ ದುಡಿದು ಉಳಿಸಿದ ಹಣದಿಂದ ಹುಟ್ಟೂರಿನಲ್ಲಿ ಮನೆ ಕಟ್ಟಿಸುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಅವರಿಗೆ ಈ ವಿಷಯ ದೂರದ್ದಲ್ಲ.

ಗೋವೆಯ ಉತ್ತರಕ್ಕೆ, ಇದೇ ಸಹ್ಯಾದ್ರಿಯಲ್ಲಿ, ಕೃಷ್ಣೆಯ ಉಪನದಿಯಾದ ಕೊಯ್ನಾ ಹರಿಯುತ್ತದೆ. ಅದರ ಜಲಾಶಯದಲ್ಲಿ 1962ರ ಸುಮಾರಿಗೆ ನೀರು ತುಂಬಿದ ಮೇಲೆ ಸಣ್ಣ ಕಂಪನಗಳು ಹೆಚ್ಚಿದವು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ಪ್ರಮಾಣದ ಭೂಕಂಪವಾಗಿ ಸುಮಾರು 200 ಮಂದಿ ಅಸುನೀಗಿದರು. ಆ ಸಣ್ಣ ಪ್ರದೇಶದಲ್ಲಿ ಇದುವರೆಗೆ 5ನ್ನು ಮುಟ್ಟಿದ ಅಥವಾ ಮೀರಿದ ಕಂಪನಗಳು 20ಕ್ಕೂ ಹೆಚ್ಚು. 4ನ್ನು ಮುಟ್ಟಿದ ಅಥವಾ ಮೀರಿದವು 200ಕ್ಕೂ ಹೆಚ್ಚು. ಪ್ರಮಾಣ ಒಂದಂಕಿ ಇಳಿದರೆ ಸಂಖ್ಯೆ ಸುಮಾರು ಹತ್ತರಷ್ಟಾಗುವುದೆಂಬ ನಿಯಮವನ್ನು ಗುಟೆನ್‌ಬರ್ಗ್ ಮತ್ತು ರಿಕ್ಟರ್ ಎಂಬ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ.

ಕಾಲಕ್ಕೂ ಒಂದು ನಿಯಮವುಂಟು. ದೊಡ್ಡ ಕಂಪನದ ಮರುದಿನ ನೂರು ಮರುಕಂಪನಗಳಾದರೆ ಹತ್ತನೆಯ ದಿನ ಹತ್ತರಷ್ಟಾದಾವೆಂಬುದು ಜಪಾನಿನ ಓಮೋರಿ 1894ರಲ್ಲಿ ಕಂಡ ಕ್ರಮದ ತಾತ್ಪರ್ಯ. ಅದೇ ದೇಶದ ಒಗಾಟ 1988ರಲ್ಲಿ ಇವುಗಳನ್ನು ಕೂಡಿಸಿ, ಕಂಪನಗಳಿಗೊಂದು ವಂಶಾವಳಿಯನ್ನೇ ರಚಿಸಿದರು. ಕೆಲವು ಕಂಪನಗಳು ತಾವಾಗಿ ಹುಟ್ಟುವ ಮೂಲಪುರುಷರು; ಉಳಿದವು ಅವುಗಳ ಸಂತತಿ. ದೊಡ್ಡದಕ್ಕೆ ಮಕ್ಕಳು ಹೆಚ್ಚು. ದಿನ ಕಳೆದಂತೆ ಸಂತತಿ ಕ್ಷೀಣಿಸುತ್ತದೆ. ದೂರವನ್ನೂ ಈ ಗಣನೆಗೆ ಸೇರಿಸಿದಾಗ, ಎಲ್ಲಿ ಎಷ್ಟು ಸಂಭವವೆಂಬುದನ್ನು ನಕ್ಷೆಯಲ್ಲಿ ಗುರುತಿಸಬಹುದು.

ಆದರೆ ಇದು ಸಂಭವದ ಲೆಕ್ಕವೇ ಹೊರತು ಪಂಚಾಂಗವಲ್ಲ. ಇಂಥ ದಿನ ಇಂಥ ಊರು ನಡುಗುವುದೆಂದು ಹೇಳುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಹಾಗೆ ಹಬ್ಬುವ ವದಂತಿಗೆ ಕಿವಿಗೊಡಬಾರದು.

ಇನ್ನೊಂದು ಮಾತು. ಗಣಿತವು ದಾಖಲೆಯಿಂದಲೇ ಕಲಿಯುತ್ತದೆ. ನಮ್ಮ ದಾಖಲೆಯಾದರೋ ಭೂಮಿಯ ಆಯುಸ್ಸಿನ ಮುಂದೆ ಕ್ಷಣಮಾತ್ರದ್ದು. ಬೀದರಕ್ಕೆ ನೆರೆಯಾದ ಲಾತೂರು ಜಿಲ್ಲೆಯ ಕಿಲ್ಲಾರಿಯು ಅಂದಿನ ನಕ್ಷೆಯಲ್ಲಿ ಅತ್ಯಲ್ಪ ಅಪಾಯದ ವಲಯದಲ್ಲಿತ್ತು. ಅಲ್ಲಿಯೇ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಮಿ ನಡುಗಿ, ಮಲಗಿದ್ದ ಸಾವಿರಾರು ಜನರ ಮೇಲೆ ಮಣ್ಣಿನಲ್ಲಿ ಕಟ್ಟಿದ ಭಾರವಾದ ಕಲ್ಲುಗೋಡೆಗಳು ಉರುಳಿದವು. ಅಂಥ ಗೋಡೆಗಳು ನಮ್ಮ ಬಯಲುಸೀಮೆಯ ಊರುಗಳಲ್ಲಿ ಇಂದಿಗೂ ಉಂಟು.

ಆದುದರಿಂದ ಬಂಧುಗಳೇ, ಊರಿಗೆ ಹಣ ಕಳುಹಿಸುವಾಗ ಒಂದು ಮಾತನ್ನೂ ಬರೆದು ಕಳುಹಿಸಿರಿ: ಗೋಡೆಯ ಎರಡು ಮುಖಗಳನ್ನೂ ಬಿಗಿಹಿಡಿಯುವ ಉದ್ದಗಲ್ಲುಗಳಿರಲಿ, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯನ್ನೆಲ್ಲ ಸುತ್ತುವ ಕಾಂಕ್ರೀಟಿನ ಪಟ್ಟಿಯಿರಲಿ. ದಿನವನ್ನು ಅರಿಯಲಾರೆವು, ಗೋಡೆಯನ್ನು ಬಲಪಡಿಸಬಲ್ಲೆವು.