ದಾನಪತ್ರದಲ್ಲಿ ಒಂದು ಸಾಲು
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಿರಿಯರೇ, ಜಮೀನನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಡುವ ಯೋಚನೆ ಇದೆಯೇ? ಹೆಬ್ಬೆಟ್ಟು ಒತ್ತುವ ಮುನ್ನ ಪತ್ರವನ್ನು ಓದಿಸಿ ಕೇಳಿ. ‘ನನ್ನನ್ನು ಕಡೆತನಕ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಬರೆಸಿ. ಹೆತ್ತ ಮಗನಿಗೇ ಷರತ್ತು ಹಾಕುವುದೇ ಎಂದು ಸಂಕೋಚವಾಗುತ್ತದೆ, ನಿಜ. ಆದರೆ ಪಹಣಿ ಬದಲಾದ ಮೇಲೆ ಊಟದ ತಟ್ಟೆ ಜಗುಲಿಗೆ ಸರಿದ ಮನೆಗಳು ನಮ್ಮ ನಡುವೆಯೇ ಇವೆ.

ಆ ಷರತ್ತು ಮುರಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನಪತ್ರವನ್ನೇ ರದ್ದು ಮಾಡಿಸಬಹುದು. ಈ ನಾಲ್ಕೂ ತಾಲ್ಲೂಕಿನವರು ಅರ್ಜಿ ಕೊಡಬೇಕಾದದ್ದು ಮಧುಗಿರಿಯ ಉಪವಿಭಾಗಾಧಿಕಾರಿಗಳಿಗೆ. ವಕೀಲರನ್ನು ಹಿಡಿಯಬೇಕಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶವನ್ನೂ ಕೇಳಬಹುದು.

ಪಾವಗಡದ ಗಡಿಯ ಹಳ್ಳಿಯಿಂದ ಮಧುಗಿರಿಗೆ ಬಸ್ಸು ಹತ್ತುವುದು ಮೊಣಕಾಲು ನೋವಿನ ಅಜ್ಜಿಗೆ ಸುಲಭವಲ್ಲ. ಓಡಾಡಲಾಗದವರ ಪರವಾಗಿ, ಅವರು ಒಪ್ಪಿ ನೇಮಿಸಿದ ಬೇರೆಯವರೂ ಅರ್ಜಿ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಹಿರಿಯರ ಸಹಾಯವಾಣಿ 14567. ಪಕ್ಕದ ಮನೆಯ ಅಜ್ಜಿಯ ಕೈಗೆ ಮೊಬೈಲು ಕೊಡದಿದ್ದರೆ, ಆ ಕರೆಯನ್ನು ನೀವು ಮಾಡಿ.